ಐದು ಎಂಜಿನ್ ಬೇಡ, ಎರಡು ಸೀಟು ತೆಗೆಯಿರಿ

ಸಂಪಾದಕರಿಗೆ ನಮಸ್ಕಾರ,

ಬೇಸಿಗೆ ರಜೆ ಶುರುವಾದಾಗಿನಿಂದ ನಿಮ್ಮ ಪತ್ರಿಕೆಯ ಓದುಗರ ಪುಟದಲ್ಲಿ ಮೊಬೈಲ್, ಕಂಪ್ಯೂಟರ್ ಆಟಗಳ ಬಗ್ಗೆ ಪತ್ರಗಳು ಬರುತ್ತಲೇ ಇವೆ. ಮಕ್ಕಳು ಹಾಳಾಗುತ್ತಿದ್ದಾರೆ, ಎಲ್ಲ ಆಟಗಳನ್ನೂ ಬಂದ್ ಮಾಡಿಸಿ ಎಂದು ಸುಮಾರು ಜನ ಬರೆದಿದ್ದಾರೆ. ದುಡ್ಡು ಕಟ್ಟಿ ಆಡುವ ಆಟಗಳ ಬಗ್ಗೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ಬಾಯಿ ಕಟ್ಟಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಜಾಗ ಇದ್ದರೆ ಪೂರ್ತಿ ಹಾಕಿ.

ನಾನು ತಿಪಟೂರಿನವನು. ಕೊಳವೆ ಬಾವಿ ಮೋಟಾರುಗಳ ವೈಂಡಿಂಗ್ ಅಂಗಡಿ ಇಟ್ಟುಕೊಂಡು 22 ವರ್ಷ ಆಯಿತು. ಅಕ್ಕನ ಮಗಳು ನಮ್ಮ ಮನೆಯಲ್ಲೇ ಇದ್ದು ಒಂಬತ್ತನೇ ಕ್ಲಾಸು ಓದುತ್ತಿದ್ದಾಳೆ. ಅಂಗಡಿಯ ಬಿಲ್ಲು ಬರೆಯಲು ಅಂತ ಕೊಂಡ ಹಳೇ ಲ್ಯಾಪ್‌ಟಾಪಿನಲ್ಲಿ ಅವಳು ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎನ್ನುವ ಆಟ ಆಡುತ್ತಾಳೆ. ಮೆಕ್ಸಿಕೊ ದೇಶದ ಸ್ಕ್ವಾಡ್ ಎಂಬ ಕಂಪನಿ ಇದನ್ನು ಮಾಡಿದ್ದು. 2011ರಲ್ಲಿ ಮೊದಲು ಹೊರಗೆ ಬಂತು, 2015ರಲ್ಲಿ ಪೂರ್ತಿ ಆಟವಾಗಿ ಬಂತು. ಇದರಲ್ಲಿ ಬಂದೂಕು ಇಲ್ಲ, ಬೆಟ್ಟಿಂಗ್ ಇಲ್ಲ. ಒಂದು ದೊಡ್ಡ ಶೆಡ್ ಇದೆ. ಅದರಲ್ಲಿ ಎಂಜಿನ್, ಇಂಧನದ ಟ್ಯಾಂಕ್, ರೆಕ್ಕೆ, ಪ್ಯಾರಾಚೂಟ್ ಎಲ್ಲ ಇಟ್ಟಿರುತ್ತಾರೆ. ಒಂದರ ಮೇಲೊಂದು ಜೋಡಿಸಿ ರಾಕೆಟ್ ಕಟ್ಟಬೇಕು, ಹಾರಿಸಬೇಕು. ಕರ್ಬಿನ್ ಎಂಬ ಪುಟ್ಟ ಭೂಮಿ, ಅದಕ್ಕೆ 12,000 ಕಿಲೋಮೀಟರ್ ದೂರದಲ್ಲಿ ಮನ್ ಎಂಬ ಚಂದ್ರ. ಅಲ್ಲಿಗೆ ಹೋಗಿ ಇಳಿದು ವಾಪಸ್ ಬರುವುದು ನಮ್ಮ ಹುಡುಗಿಯ ಆಸೆ.

ಅವಳು ಕಟ್ಟಿದ ಮೊದಲನೇ ರಾಕೆಟ್ ನೋಡಬೇಕಿತ್ತು. ಆ ಆಟದಲ್ಲಿ ಮೇನ್‌ಸೇಲ್ ಅಂತ ಒಂದು ದೊಡ್ಡ ಎಂಜಿನ್ ಇದೆ. ಒಂದೇ ಎಂಜಿನ್ನು ನೆಲದ ಮಟ್ಟದಲ್ಲಿ ಸುಮಾರು 140 ಟನ್ ತೂಕ ಎತ್ತುವಷ್ಟು ಬಲ ಕೊಡುತ್ತದೆ. ಅಂಥವು ಐದು ಹಾಕಿದ್ದಳು. ಪ್ರತಿಯೊಂದಕ್ಕೂ 36 ಟನ್ನಿನ ಒಂದೊಂದು ಜಂಬೊ ಟ್ಯಾಂಕು. ಮೇಲೆ ಚಂದ್ರನ ಕಡೆ ತಳ್ಳುವ ಹಂತ, ಅದರ ಮೇಲೆ ಇಳಿಯುವ ನೌಕೆ, ತುದಿಯಲ್ಲಿ ಮೂರು ಜನ ಕೂರುವ ಕ್ಯಾಬಿನ್, ಅದಕ್ಕೆ ಏಣಿ, ದೀಪ, ಬ್ಯಾಟರಿ, ಸೋಲಾರ್ ಪ್ಯಾನೆಲ್. ಒಟ್ಟು 260 ಟನ್. ಬಟನ್ ಒತ್ತಿದರೆ ಬಾಣದ ಹಾಗೆ ಹೋಗುತ್ತಿತ್ತು. ಅರ್ಧ ನಿಮಿಷದಲ್ಲಿ ಸೆಕೆಂಡಿಗೆ 500 ಮೀಟರ್ ವೇಗ. ಆಮೇಲೆ ಸ್ವಲ್ಪ ಪಕ್ಕಕ್ಕೆ ಬಾಗಿಸಿದಳೋ ಇಲ್ಲವೋ, ಹಬ್ಬದ ತೇರು ತಗ್ಗಿಗೆ ಇಳಿದಾಗ ಓಲಾಡುತ್ತದಲ್ಲ ಹಾಗೆ ಓಲಾಡಿ, ತಲೆಕೆಳಗಾಗಿ, ಚೂರುಚೂರು. ಹನ್ನೊಂದು ಸಲ ಹಾರಿಸಿದಳು, ಹನ್ನೊಂದು ಸಲವೂ ಇದೇ ಕಥೆ.

ಬಲ ಸಾಲುತ್ತಿಲ್ಲ ಮಾವ, ಇನ್ನೆರಡು ಎಂಜಿನ್ ಹಾಕ್ತೀನಿ ಎಂದಳು. ಹಾಕಿದಳು. ಇನ್ನೂ ಬೇಗ ಮುರಿಯಿತು. ಆಮೇಲೆ ಟ್ಯಾಂಕುಗಳ ಮಧ್ಯೆ ಅಡ್ಡಡ್ಡ ಸರಳು ಕಟ್ಟಿದಳು, ನಾವು ತೋಟದಲ್ಲಿ ಬಾಳೆಗೊನೆಗೆ ಊರುಗೋಲು ಕೊಡುವ ಹಾಗೆ. ಮುರಿಯುವುದು ನಿಂತಿತು, ಆದರೆ ಪಲ್ಟಿ ಹೊಡೆಯುವುದು ನಿಲ್ಲಲಿಲ್ಲ.

ಆ ಹೊತ್ತಿಗೆ ನನಗೆ ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ನೋಡಿರುವುದು ನನ್ನ ಅಂಗಡಿಯಲ್ಲೇ! ನಮ್ಮ ಕಡೆ ರೈತರು ಬಂದು ಕೇಳುವುದು ಇದನ್ನೇ. ಬೋರಿನಲ್ಲಿ ಒಂದೂವರೆ ಇಂಚು ನೀರಿದೆ, ಪಕ್ಕದ ತೋಟದವನು ಹತ್ತು ಎಚ್‌ಪಿ ಇಳಿಸಿದ್ದಾನೆ, ನನಗೂ ಹತ್ತೇ ಬೇಕು ಅನ್ನುತ್ತಾರೆ. ಹತ್ತು ಎಚ್‌ಪಿ ಅಂದರೆ ಕೇಬಲ್ ದಪ್ಪ ಆಗಬೇಕು, ಸ್ಟಾರ್ಟರ್ ದೊಡ್ಡದಾಗಬೇಕು, ಇಳಿಸೋ ಪೈಪು ಗಟ್ಟಿ ಇರಬೇಕು. ಅಷ್ಟೆಲ್ಲ ಮಾಡಿ ಸ್ವಿಚ್ ಹಾಕಿದರೆ ಹತ್ತು ನಿಮಿಷಕ್ಕೆ ಬೋರು ಬತ್ತಿ, ಪಂಪು ನೀರಿಲ್ಲದೆ ತಿರುಗಿ, ವಾರದೊಳಗೆ ಕಾಯಿಲ್ ಸುಟ್ಟ ವಾಸನೆ ಸಮೇತ ನನ್ನ ಬೆಂಚಿನ ಮೇಲೆ ಬಂದಿರುತ್ತದೆ. ಮೋಟಾರು ಚಿಕ್ಕದಾಯಿತು ಅಂತ ಸುಟ್ಟಿದ್ದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಜಾಸ್ತಿ ಆಯಿತು ಅಂತ ಹಾಳಾಗಿದ್ದನ್ನು ಯಾರೂ ಜಾಸ್ತಿ ಆಯಿತು ಅಂತ ಒಪ್ಪುವುದಿಲ್ಲ. ಮುಂದಿನ ಸಲ ಹನ್ನೆರಡೂವರೆ ಕೇಳುತ್ತಾರೆ.

ಅವತ್ತು ರಾತ್ರಿ ಲೆಕ್ಕದ ಪುಸ್ತಕ ತೆಗೆಸಿದೆ. ಐದು ಎಂಜಿನ್ನಿನ ಬಲ 700 ಟನ್. ರಾಕೆಟ್ಟಿನ ತೂಕ 260 ಟನ್. ಅಂದರೆ ತನ್ನ ತೂಕದ 2.7ರಷ್ಟು ಬಲ ನೆಲದಲ್ಲೇ ಇದೆ. ಇಂಧನ ಉರಿದು ತೂಕ ಇಳಿದ ಹಾಗೆ ಅದು ಇನ್ನೂ ಏರುತ್ತದೆ. ಆ ಆಟದಲ್ಲಿ ನೆಲ ಬಿಡುವಾಗ 1.3ರಿಂದ 1.5 ಇದ್ದರೆ ಧಾರಾಳ. ಯಾಕೆ ಅಂದರೆ ಕೆಳಗಿನ ಹತ್ತು ಕಿಲೋಮೀಟರ್ ಗಾಳಿ ದಟ್ಟ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಇದನ್ನು ಅವಳಿಗೆ ಹೇಳಲು ನನಗೆ ಪುಸ್ತಕ ಬೇಕಾಗಲಿಲ್ಲ. ಅದೇ ಪೈಪಿನಲ್ಲಿ ಎರಡರಷ್ಟು ನೀರು ನೂಕಲು ಹೋದರೆ ತಿಕ್ಕಾಟ ಹೆಚ್ಚುಕಮ್ಮಿ ನಾಲ್ಕರಷ್ಟಾಗುವುದು ಪಂಪಿನ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ವಿಷಯ. ದಟ್ಟ ಗಾಳಿಯಲ್ಲಿ ಅಷ್ಟು ವೇಗ ಹೋದರೆ ಇಂಧನವೆಲ್ಲ ಗಾಳಿಯನ್ನು ಸೀಳುವುದಕ್ಕೇ ಖರ್ಚು.

ಹಾಗಾದರೆ ಎಂಜಿನ್ ಅರ್ಧಕ್ಕೆ ಇಳಿಸಿ ಹಾರಿಸ್ತೀನಿ ಎಂದಳು. ಒಳ್ಳೆಯ ಯೋಚನೆ, ನಿಜವಾದ ರಾಕೆಟ್ಟುಗಳಲ್ಲೂ ಹಾಗೆ ಮಾಡುತ್ತಾರೆ. ಅಮೆರಿಕದ ಸ್ಪೇಸ್ ಷಟಲ್ ದಟ್ಟ ಗಾಳಿ ದಾಟುವಾಗ ಎಂಜಿನ್ ಬಲ ಕಡಿಮೆ ಮಾಡಿಕೊಂಡು, ಆಮೇಲೆ ಮತ್ತೆ ಏರಿಸುತ್ತಿತ್ತು. ಅರ್ಧ ಬಲದಲ್ಲಿ ಹಾರಿಸಿದಾಗ ಅವಳ ರಾಕೆಟ್ ಮೊದಲಿಗಿಂತ ಮೇಲೆ ಹೋಯಿತು. ಆದರೆ ಒಂದು ಮೇನ್‌ಸೇಲ್ ಎಂಜಿನ್ನಿನ ತೂಕವೇ 6 ಟನ್. ಐದಕ್ಕೆ 30 ಟನ್. ಅರ್ಧ ಬಲದಲ್ಲಿ ಓಡಿಸಿದರೆ ಎರಡೂವರೆ ಎಂಜಿನ್ ಸುಮ್ನೆ ಹೊತ್ತುಕೊಂಡು ಹೋದ ಹಾಗೆ, ಅಲ್ವಾ? 15 ಟನ್ ಕಬ್ಬಿಣ, ಕೆಲಸಕ್ಕೆ ಬಾರದ್ದು.

ಪಲ್ಟಿ ಹೊಡೆಯುವುದಕ್ಕೂ ಅದೇ ಕಾರಣ. ಇದನ್ನು ಅವಳೇ ಕಂಡುಹಿಡಿದಳು, ನಾನಲ್ಲ. ಆಷಾಢದಲ್ಲಿ ಗಾಳಿಪಟಕ್ಕೆ ಬಾಲಂಗೋಚಿ ಕಟ್ಟುತ್ತೇವಲ್ಲ, ಯಾಕೆ ಕಟ್ಟುತ್ತೇವೆ ಅಂತ ಕೇಳಿದೆ. ಹಿಂದುಗಡೆ ಗಾಳಿ ಎಳೆದು ಹಿಡಿಯಲಿ ಅಂತ ಎಂದಳು. ಹೇಳಿದವಳೇ ಪರದೆ ನೋಡುತ್ತಾ ಸುಮ್ಮನಾದಳು. ರಾಕೆಟ್ಟಿಗೂ ಹಾಗೇ. ತೂಕ ಮುಂದೆ ಇರಬೇಕು, ಗಾಳಿ ಹಿಡಿಯುವ ರೆಕ್ಕೆ ಹಿಂದೆ ಇರಬೇಕು. ಅವಳದ್ದರಲ್ಲಿ 30 ಟನ್ ಎಂಜಿನ್ ಪೂರ್ತಿ ಬುಡದಲ್ಲಿ. ಮೇಲೆ ಏಣಿ, ದೀಪ, ಪ್ಯಾನೆಲ್ ಎಲ್ಲ ಗಾಳಿಗೆ ಸಿಕ್ಕಿಕೊಳ್ಳುತ್ತಿತ್ತು. ಬಾಲಂಗೋಚಿಯನ್ನು ಪಟದ ಮೂತಿಗೆ ಕಟ್ಟಿದ ಹಾಗೆ ಆಗಿತ್ತು.

ಇಲ್ಲಿಂದ ಮುಂದೆ ನಡೆದದ್ದನ್ನು ಹೇಳಬೇಕು ಅಂತಲೇ ಈ ಪತ್ರ ಬರೆಯುತ್ತಿದ್ದೇನೆ.

ಎಂಜಿನ್ ಕಡಿಮೆ ಮಾಡಬೇಕು ಅಂತ ಇಬ್ಬರಿಗೂ ಗೊತ್ತಾಯಿತು. ಆದರೆ ಕೆಳಗಿನಿಂದ ಎಂಜಿನ್, ಟ್ಯಾಂಕು ಕಿತ್ತರೆ ಮೇಲಿನ ಭಾರ ಕಕ್ಷೆಯ ತನಕ ಹೋಗುವುದಿಲ್ಲ. ಮೂರಕ್ಕೆ ಇಳಿಸಿದಳು, ನೆಲ ಬಿಟ್ಟಿತು, ಅರ್ಧದಲ್ಲಿ ಇಂಧನ ಮುಗಿಯಿತು. ಅವಳು ಕೆಳಗಿನದನ್ನೇ ನೋಡುತ್ತಿದ್ದಳು, ಅಲ್ಲಿ ಕಳೆದು ಇಲ್ಲಿ ಕೂಡಿಸಿ. ನಾನು ತುದಿ ತೋರಿಸಿದೆ. ಮೂರು ಸೀಟು ಯಾಕೆ?

ಮೂರು ಜನ ಹೋಗಬೇಕು ಮಾವ, ಒಬ್ಬಳನ್ನೇ ಕಳಿಸಿದರೆ ಪಾಪ ಅಲ್ವಾ ಎಂದಳು. ಆ ಆಟದಲ್ಲಿ ಹಸಿರು ಬಣ್ಣದ ಪುಟ್ಟ ಯಾತ್ರಿಗಳಿರುತ್ತಾರೆ. ಅವರಲ್ಲಿ ವ್ಯಾಲೆಂಟಿನಾ ಎನ್ನುವವಳು ಅವಳಿಗೆ ಅಚ್ಚುಮೆಚ್ಚು. 1963ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ವ್ಯಾಲೆಂಟಿನಾ ತೆರೆಶ್ಕೋವಾ ಒಬ್ಬರೇ ಹೋಗಿದ್ದು ಎಂದು ಹೇಳಿದೆ. ಒಪ್ಪಲಿಲ್ಲ. ಎರಡು ದಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಮೂರನೇ ದಿನ ತೋಟದಿಂದ ಬರುವ ಹೊತ್ತಿಗೆ ಅವಳೇ ಪುಸ್ತಕದಲ್ಲಿ ಒಂದು ಪಟ್ಟಿ ಬರೆದಿಟ್ಟಿದ್ದಳು. ಇಳಿಯುವ ನೌಕೆಯಲ್ಲಿರುವ ಒಂದೊಂದು ವಸ್ತುವಿನ ಮುಂದೆ ತೂಕ, ಅದರ ಮುಂದೆ ಇದು ಇಲ್ಲದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ. ದೀಪ ಇಲ್ಲದಿದ್ದರೆ? ಹಗಲಲ್ಲಿ ಇಳಿದರಾಯಿತು. ಏಣಿ ಇಲ್ಲದಿದ್ದರೆ? ಮನ್ ಮೇಲೆ ಎಳೆತ ಕಡಿಮೆ, ಯಾತ್ರಿಯ ಬೆನ್ನಿಗೆ ಜೆಟ್ ಇದೆ, ಹಾರಿಕೊಂಡು ಒಳಗೆ ಹೋಗಬಹುದು. ಇನ್ನಿಬ್ಬರು ಇಲ್ಲದಿದ್ದರೆ? ಅದರ ಮುಂದೆ ಏನೂ ಬರೆದಿರಲಿಲ್ಲ, ಸುಮ್ನೆ ಗೀಟು ಹಾಕಿದ್ದಳು.

ಮೂರು ಸೀಟಿನ ಕ್ಯಾಬಿನ್ 2.7 ಟನ್, ಒಂದು ಸೀಟಿನದು 0.84 ಟನ್. ಇಷ್ಟೇನಾ ಅನ್ನಿಸುತ್ತದೆ. ಆದರೆ ಕ್ಯಾಬಿನ್ ಹಗುರಾದರೆ ಅದನ್ನು ಇಳಿಸಿ ಏರಿಸುವ ಇಂಧನ ಕಡಿಮೆ ಸಾಕು. ಇಂಧನ ಕಡಿಮೆಯಾದರೆ ಟ್ಯಾಂಕ್ ಚಿಕ್ಕದು. ಟ್ಯಾಂಕ್ ಚಿಕ್ಕದಾದರೆ ಎಂಜಿನ್ ಚಿಕ್ಕದು. ಅವಳ ಹಳೇ ನೌಕೆ 25 ಟನ್ ಇತ್ತು. ಹೊಸದು ಟೆರಿಯರ್ ಎನ್ನುವ ಅರ್ಧ ಟನ್ನಿನ ಎಂಜಿನ್, 2 ಟನ್ ಇಂಧನ, ಇಳಿದು ನಿಲ್ಲುವ ಕಾಲುಗಳು, ಪ್ಯಾರಾಚೂಟ್, ಶಾಖ ತಡೆಯುವ ತಟ್ಟೆ ಎಲ್ಲ ಸೇರಿ 4.2 ಟನ್. ಇಷ್ಟು ಪುಟ್ಟ ನೌಕೆ ತನ್ನ ಇಂಧನವೆಲ್ಲ ಉರಿಸಿ, ಏರಿಸಿದ್ದು ಇಳಿಸಿದ್ದು ಎಲ್ಲ ಸೇರಿ, ಸೆಕೆಂಡಿಗೆ 2,200 ಮೀಟರಿನಷ್ಟು ವೇಗ ಬದಲಿಸಬಲ್ಲದು. ಮನ್ ಸುತ್ತಲಿನ ಕಕ್ಷೆ ಹಿಡಿದು, ಇಳಿದು, ಎದ್ದು, ವಾಪಸ್ ಬರಲು ಬೇಕಾಗಿದ್ದು ಸುಮಾರು 1,800. ಹಳೇ 25 ಟನ್ ನೌಕೆಯಲ್ಲಿ ಇದು 3,500 ಇತ್ತು! ಬೇಕಾದ್ದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟನ್ನು ತುದಿಯಲ್ಲಿ ಹೊತ್ತುಕೊಂಡು, ಅದನ್ನು ಎತ್ತಲು ಕೆಳಗೆ ಐದು ಎಂಜಿನ್ ಕಟ್ಟಿದ್ದಳು.

ಈ ವೇಗದ ಲೆಕ್ಕವನ್ನು ಡೆಲ್ಟಾ-ವಿ ಅನ್ನುತ್ತಾರೆ. ರಷ್ಯಾದ ತ್ಸಿಯೋಲ್ಕೊವ್‌ಸ್ಕಿ ಎಂಬ ಶಾಲಾ ಮೇಷ್ಟ್ರು 1903ರಲ್ಲಿ ಈ ಸೂತ್ರವನ್ನು ಅಚ್ಚು ಹಾಕಿಸಿದರು. ತುಂಬಿದ ತೂಕವನ್ನು ಖಾಲಿ ತೂಕದಿಂದ ಭಾಗಿಸಿ, ಅದರ ನ್ಯಾಚುರಲ್ ಲಾಗರಿದಮ್ (ಕ್ಯಾಲ್ಕುಲೇಟರಿನಲ್ಲಿ ln) ತೆಗೆದು, ಹೊಗೆ ಹೊರಡುವ ವೇಗದಿಂದ ಗುಣಿಸಬೇಕು. ಲಾಗರಿದಮ್ ಇರುವುದರಿಂದಲೇ ಎರಡರಷ್ಟು ಇಂಧನ ತುಂಬಿದರೆ ಎರಡರಷ್ಟು ವೇಗ ಸಿಗುವುದಿಲ್ಲ. ಮೇಲಿನದನ್ನು ಹಗುರ ಮಾಡಿದರೆ ಮಾತ್ರ ಕೆಳಗಿನದು ತಾನಾಗಿ ಕರಗುತ್ತದೆ. ಒಂಬತ್ತನೇ ಕ್ಲಾಸಿಗೆ ಈ ಪಾಠ ಇಲ್ಲ. ಅವಳಿಗೆ ಬೇಕಾಯಿತು, ಕಲಿತಳು. ಕ್ಯಾಲ್ಕುಲೇಟರಿನಲ್ಲಿ ಆ ಬಟನ್ ಎಲ್ಲಿದೆ ಅಂತ ಹುಡುಕಿದಳು.

ಆಮೇಲೆ ಕೆಳಗೆ ಕಟ್ಟಿದ್ದು ಬೇಗ ಮುಗಿಯಿತು. ಮಧ್ಯದಲ್ಲಿ ನಾಲ್ಕೂವರೆ ಟನ್ ಟ್ಯಾಂಕಿಗೆ ಇನ್ನೊಂದು ಟೆರಿಯರ್. ಅದರ ಕೆಳಗೆ ಮೂತಿ ತಿರುಗಿಸಬಲ್ಲ ಸ್ವಿವೆಲ್ ಎಂಜಿನ್ ಒಂದು. ಪಕ್ಕದಲ್ಲಿ ಥಂಪರ್ ಎನ್ನುವ ಘನ ಇಂಧನದ ಬೂಸ್ಟರ್ ಎರಡು. ಬುಡಕ್ಕೆ ನಾಲ್ಕು ರೆಕ್ಕೆ, ನಮ್ಮ ಬಾಲಂಗೋಚಿ. ಒಟ್ಟು 37 ಟನ್ ಚಿಲ್ಲರೆ. ಅದರಲ್ಲೂ ಬೂಸ್ಟರ್ ಪೂರ್ತಿ ಬಲದಲ್ಲಿ ಉರಿದರೆ ಮತ್ತೆ ಅದೇ ತೊಂದರೆ. ಘನ ಇಂಧನದ ಬೂಸ್ಟರನ್ನು ಹಾರಿದ ಮೇಲೆ ತಗ್ಗಿಸಲು ಆಗುವುದಿಲ್ಲ, ಶೆಡ್ಡಿನಲ್ಲೇ ಹೊಂದಿಸಬೇಕು. 65 ಪರ್ಸೆಂಟಿಗೆ ಇಳಿಸಿದಳು. ನೆಲದಲ್ಲಿ ಒಟ್ಟು ಬಲ 50 ಟನ್, ತೂಕ 37. ಭಾಗಿಸಿದರೆ 1.35.

ಹಾರಿಸಿದಾಗ ನಿಧಾನವಾಗಿ ಎದ್ದಿತು. ನನಗೇ ಭಯ ಆಯಿತು, ಇದು ಏಳುತ್ತೋ ಇಲ್ಲವೋ ಅಂತ. ಸೆಕೆಂಡಿಗೆ 100 ಮೀಟರ್ ವೇಗ ಬಂದಾಗ ಸ್ವಲ್ಪವೇ ಪೂರ್ವಕ್ಕೆ ಬಾಗಿಸಿದಳು, ಆಮೇಲೆ ಕೈ ಬಿಟ್ಟಳು. ಅದರಷ್ಟಕ್ಕೆ ಅದು ಬಾಗುತ್ತಾ ಹೋಯಿತು. ಓಲಾಡಲಿಲ್ಲ. 70 ಕಿಲೋಮೀಟರ್ ದಾಟಿತು, ಆ ಆಟದಲ್ಲಿ ಗಾಳಿ ಮುಗಿಯುವುದು ಅಲ್ಲಿ. ಕಕ್ಷೆ ಸೇರಿತು. ಮನ್ ಮೇಲೆ ಇಳಿಯುವಾಗ ಎರಡು ಸಲ ಉರುಳಿ ಬಿತ್ತು, ಮೂರನೇ ಸಲ ನಿಂತಿತು. ವ್ಯಾಲೆಂಟಿನಾ ವಾಪಸ್ ಬಂದು ಸಮುದ್ರಕ್ಕೆ ಇಳಿದಾಗ ರಾತ್ರಿ ಹನ್ನೊಂದೂವರೆ, ಕರೆಂಟ್ ಇರಲಿಲ್ಲ, ಲ್ಯಾಪ್‌ಟಾಪಿನ ಬ್ಯಾಟರಿ ಒಂಬತ್ತು ಪರ್ಸೆಂಟ್ ಇತ್ತು. ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದಳು. 260 ಟನ್ ಮಾಡದ ಕೆಲಸವನ್ನು 37 ಟನ್ ಮಾಡಿತ್ತು.

ಆಟದ ಭೂಮಿ ಚಿಕ್ಕದು, ಅದನ್ನು ಮುಚ್ಚಿಡುವುದಿಲ್ಲ. ಕರ್ಬಿನ್ನಿನ ತ್ರಿಜ್ಯ 600 ಕಿಲೋಮೀಟರ್, ನಮ್ಮ ಭೂಮಿಯದು 6,371. ಅಲ್ಲಿ ಕಕ್ಷೆ ಸೇರಲು ಸೆಕೆಂಡಿಗೆ 3,400 ಮೀಟರ್ ಸಾಕು, ಇಲ್ಲಿ 9,000ಕ್ಕಿಂತ ಜಾಸ್ತಿ ಬೇಕು. ಹಾಗಾಗಿ ನಿಜವಾದ ರಾಕೆಟ್ಟಿನಲ್ಲಿ ಒಂದೊಂದು ಕಿಲೋಗ್ರಾಂ ಇನ್ನೂ ದುಬಾರಿ. 2023ರ ಜುಲೈ 14ರಂದು ಚಂದ್ರಯಾನ-3 ಹಾರಿಸಿದ ನಮ್ಮ ಎಲ್‌ವಿಎಂ-3 ರಾಕೆಟ್ ಸುಮಾರು 640 ಟನ್. ಅದರ ತುದಿಯಲ್ಲಿದ್ದ ನೌಕೆ 3.9 ಟನ್. ಅದು ಕೂಡ ನೇರವಾಗಿ ಚಂದ್ರನಿಗೆ ಹೋಗಲಿಲ್ಲ. ಅಷ್ಟು ದೊಡ್ಡ ರಾಕೆಟ್ ನಮ್ಮಲ್ಲಿ ಇರಲಿಲ್ಲ. ಭೂಮಿಯ ಸುತ್ತ ಉದ್ದನೆಯ ಕಕ್ಷೆಯಲ್ಲಿ ಸುತ್ತುತ್ತಾ, ಪ್ರತಿ ಸಲ ಭೂಮಿಯ ಹತ್ತಿರ ಬಂದಾಗ ಸ್ವಲ್ಪ ಸ್ವಲ್ಪ ಎಂಜಿನ್ ಉರಿಸಿ ಕಕ್ಷೆ ಹಿಗ್ಗಿಸಿಕೊಂಡು, ಆಗಸ್ಟ್ 1ಕ್ಕೆ ಚಂದ್ರನ ದಾರಿ ಹಿಡಿಯಿತು. ಆಗಸ್ಟ್ 23ಕ್ಕೆ ಇಳಿಯಿತು. ಒಟ್ಟು 40 ದಿನ. 1969ರಲ್ಲಿ ಅಪೋಲೊ-11 ನಾಲ್ಕೇ ದಿನಕ್ಕೆ ಇಳಿದಿತ್ತು, ಆದರೆ ಅದನ್ನು ಎತ್ತಿದ ಸ್ಯಾಟರ್ನ್-5 ರಾಕೆಟ್ಟಿನ ತೂಕ 2,900 ಟನ್ ಹತ್ತಿರ. ಎಲ್‌ವಿಎಂ-3 ಹಾರುವಾಗ ಇನ್ನೊಂದು ವಿಷಯ ಗಮನಿಸಿ. ನೆಲದಲ್ಲಿ ಉರಿಯುವುದು ಪಕ್ಕದ ಎರಡು ಬೂಸ್ಟರ್ ಮಾತ್ರ. ಮಧ್ಯದ ದ್ರವ ಇಂಧನದ ಎಂಜಿನ್‌ಗಳು ಹೊತ್ತಿಕೊಳ್ಳುವುದು ನೂರು ಸೆಕೆಂಡು ದಾಟಿದ ಮೇಲೆ, ಗಾಳಿ ತೆಳುವಾದ ಜಾಗದಲ್ಲಿ. ಇದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಯಾಕೆ ಹಾಗೆ ಅಂತ ನಮ್ಮ ಹುಡುಗಿಗೆ ಈಗ ಗೊತ್ತು, ನನಗೂ ಗೊತ್ತು.

ತುಮಕೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಇತ್ತು. ನನ್ನ ಮದುವೆಯಲ್ಲಿ ಕೈಗೆ ಕಟ್ಟಿದ್ದು ಅದೇ ಗಡಿಯಾರ. ಈಗ ಆ ಜಾಗ ಇಸ್ರೋ ಕೈಗೆ ಬಂದಿದೆ. ರಾಕೆಟ್ ಕೆಲಸ ನಮ್ಮ ಜಿಲ್ಲೆಯ ಬಾಗಿಲಿಗೇ ಬಂದ ಹಾಗಾಯಿತು. ಆದರೆ ನಮ್ಮ ಶಾಲೆಗಳಲ್ಲಿ ರಾಕೆಟ್ ಅಂದರೆ ಏನು? ವಿಜ್ಞಾನ ಪ್ರದರ್ಶನಕ್ಕೆ ಥರ್ಮಕೋಲ್ ಕೊರೆದು, ಬಣ್ಣ ಹಚ್ಚಿ, ಪಕ್ಕದಲ್ಲಿ ನಿಂತು ನಾಲ್ಕು ಸಾಲು ಬಾಯಿಪಾಠ ಒಪ್ಪಿಸುವುದು. ಆ ಮಕ್ಕಳ ಶ್ರಮಕ್ಕೆ ನಾನು ಬೆಲೆ ಕೊಡುತ್ತೇನೆ. ಆದರೆ ಥರ್ಮಕೋಲ್ ರಾಕೆಟ್ ಬೀಳುವುದಿಲ್ಲ. ಬೀಳದಿದ್ದರೆ ಯಾಕೆ ಬಿತ್ತು ಅಂತ ಕೇಳುವ ಸಂದರ್ಭವೇ ಬರುವುದಿಲ್ಲ. ಈ ಆಟದಲ್ಲಿ ನೂರು ಸಲ ಬೀಳಿಸಬಹುದು, ಒಂದು ರೂಪಾಯಿ ನಷ್ಟ ಇಲ್ಲ, ಯಾರೂ ಬೈಯುವುದಿಲ್ಲ. ನನ್ನ ಅಂಗಡಿಯಲ್ಲಿ ಹುಡುಗರು ಒಂದು ಮೋಟಾರು ಸುಟ್ಟರೆ ರೈತನ ಬೆಳೆ ಹೋಗುತ್ತದೆ. ಅಲ್ಲಿ ತಪ್ಪು ಮಾಡಿ ಕಲಿಯಿರಿ ಎಂದು ನಾನು ಹೇಳುವ ಹಾಗಿಲ್ಲ.

ಹಾಗಾಗಿ ಎರಡು ಕೋರಿಕೆ. ಒಂದು, ಪ್ರೌಢಶಾಲೆಗಳ ಕಂಪ್ಯೂಟರ್ ಕೋಣೆಯಲ್ಲಿ ಒಂದೇ ಒಂದು ಯಂತ್ರದಲ್ಲಾದರೂ ಇಂಥ ಆಟ ಇರಲಿ, ವಾರಕ್ಕೆ ಒಂದು ಪೀರಿಯಡ್ ಸಾಕು. ಮೇಷ್ಟ್ರುಗಳಿಗೆ ಗೊತ್ತಿರಬೇಕು ಅಂತಿಲ್ಲ, ಮಕ್ಕಳ ಜೊತೆ ಅವರೂ ಕೂರಲಿ, ನಾನು ಕೂತ ಹಾಗೆ. ನಮ್ಮ ತಾಲ್ಲೂಕಿನ ಯಾವ ಶಾಲೆ ಕರೆದರೂ ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಬರಲು ನಾವಿಬ್ಬರೂ ತಯಾರಿದ್ದೇವೆ.

ಎರಡು, ಇದು ನಿಮಗೆ. ಆಟದಲ್ಲಿ ಕನ್ನಡ ಇಲ್ಲ, ಅವಳು ಆಡುವುದು ಇಂಗ್ಲಿಷಿನಲ್ಲಿ. ಮೊದಲ ಒಂದು ತಿಂಗಳು ಅವಳು ಸೋತದ್ದು ರಾಕೆಟ್ಟಿನ ಹತ್ತಿರ ಅಲ್ಲ, ಆ ಪದಗಳ ಹತ್ತಿರ. ನಿಮ್ಮ ಮಕ್ಕಳ ಪುಟದಲ್ಲಿ ವಾರಕ್ಕೊಂದು ರಾಕೆಟ್ ಲೆಕ್ಕ ಹಾಕಿ, ಕನ್ನಡದಲ್ಲಿ. ಇಷ್ಟು ಟನ್ ತೂಕ, ಇಷ್ಟು ಬಲದ ಎಂಜಿನ್, ಇದು ಏಳುತ್ತದೋ ಇಲ್ಲವೋ, ಎದ್ದರೆ ಏನು ಕಳೆಯಬಹುದು ಅಂತ. ಮುಂದಿನ ವಾರ ಉತ್ತರ ಹಾಕಿ. ಕಂಪ್ಯೂಟರ್ ಇಲ್ಲದ ಮಕ್ಕಳೂ ಪೆನ್ಸಿಲ್ ಹಿಡಿದು ಮಾಡಬಹುದು.

ಮೊದಲನೇ ಲೆಕ್ಕ ಬೇಕಾದರೆ ನಮ್ಮ ಮನೆಯಲ್ಲೇ ಇದೆ. ವ್ಯಾಲೆಂಟಿನಾ ಒಬ್ಬಳೇ ಹೋಗಿ ಬಂದದ್ದು ಅವಳಿಗೆ ಇನ್ನೂ ಸಮಾಧಾನ ಇಲ್ಲ. ಈಗ ಎರಡನೇ ಸೀಟು ಸೇರಿಸುತ್ತಿದ್ದಾಳೆ. ಒಟ್ಟು ತೂಕ 45 ಟನ್ ದಾಟಬಾರದು ಎಂದು ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದಾಳೆ. ನಿನ್ನೆ ರಾತ್ರಿಗೆ 48ರ ತನಕ ಬಂದಿದೆ.

ಇಂತಿ,
ಒಬ್ಬ ಮೋಟಾರ್ ವೈಂಡಿಂಗ್ ಕೆಲಸಗಾರ,
ತಿಪಟೂರು, ತುಮಕೂರು ಜಿಲ್ಲೆ